ಹಂಚಿಕೊಂಡ ಕಡತಗಳು: ಅನುಮತಿಯನ್ನು ಮೊದಲೇ ಪರೀಕ್ಷಿಸುವುದೇಕೆ?

ಪ್ರಯೋಗಶಾಲೆಯಲ್ಲಿ ಸ್ಕ್ರೂಗೇಜನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಗಳು ತಂತಿಯ ವ್ಯಾಸವನ್ನು ಅಳೆಯುವುದಕ್ಕೆ ಮೊದಲು ಆ ಸಲಕರಣೆಯ ಶೂನ್ಯದೋಷವನ್ನು ನೋಡಿಕೊಳ್ಳುತ್ತಾರೆ. ನಡುವೆ ಏನನ್ನೂ ಇಡದೆ ತಿರುಪನ್ನು ಮುಚ್ಚಿದಾಗ ಅದು ಸೊನ್ನೆಯನ್ನು ತೋರಿಸಬೇಕು. ತೋರಿಸದಿದ್ದರೆ ಮುಂದಿನ ಪ್ರತಿಯೊಂದು ವಾಚನದಲ್ಲಿಯೂ ಅದೇ ತಪ್ಪು ಸೇರಿಕೊಳ್ಳುವುದು. ಇದು ನಮ್ಮ ವಾಚಕರೆಲ್ಲರೂ ಬಲ್ಲ ಸಂಗತಿ. ಇಂದು ವಿದ್ಯಾರ್ಥಿಗಳು ಕೂಡಿ ಮಾಡುವ ಕೆಲಸಗಳಲ್ಲಿ ಸ್ಕ್ರೂಗೇಜಿಗಿಂತಲೂ ಹೆಚ್ಚಾಗಿ ಬಳಕೆಗೆ ಬರುವ ಇನ್ನೊಂದು ಸಲಕರಣೆಯುಂಟು. ಅದೇ ಕಂಪ್ಯೂಟರಿನಲ್ಲಿ ಹಲವರು ಹಂಚಿಕೊಂಡಿರುವ ಕಡತ. ಅದಕ್ಕೂ ಒಂದು ಬಗೆಯ ಶೂನ್ಯದೋಷವಿದೆ. ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು, ಯಾರಿಗೆ ಅದು ಕಾಣಲೇಬಾರದು ಎಂಬ ಕಟ್ಟಳೆಗೆ ‘ಅನುಮತಿ’ ಎಂದು ಹೆಸರು. ಈ ಕಟ್ಟಳೆ ಮೊದಲ ದಿನವೇ ತಪ್ಪಾಗಿದ್ದರೆ ಆ ತಪ್ಪು ಇಡೀ ಕೆಲಸದೊಡನೆ ಬೆಳೆಯುತ್ತ ಹೋಗುವುದು. ಅನುಮತಿಯು ಹೇಗೆ ಕೆಲಸ ಮಾಡುತ್ತದೆ, ಅದನ್ನು ಕೊನೆಯಲ್ಲಿ ನೋಡಿಕೊಂಡರಾಗದೆ ಆರಂಭದಲ್ಲಿಯೇ ಪರೀಕ್ಷಿಸಬೇಕಾದುದೇಕೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಒಂದು ಯಂತ್ರ, ಹಲವು ಜನ

ಕಂಪ್ಯೂಟರುಗಳ ಮೊದಲ ದಿನಗಳಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳಲಿಲ್ಲ. ಯಂತ್ರವು ಒಂದು ಸಲಕ್ಕೆ ಒಬ್ಬರ ಲೆಕ್ಕವನ್ನು ಮಾತ್ರ ಮಾಡುತ್ತಿತ್ತು. ಅವರ ಕೆಲಸ ಮುಗಿದ ಮೇಲೆ ಇನ್ನೊಬ್ಬರ ಸರದಿ. ೧೯೬೧ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಹೋದ್ಯೋಗಿಗಳು, ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ಕಾಲಹಂಚಿಕೆಯ ವ್ಯವಸ್ಥೆಯೊಂದನ್ನು ಪ್ರದರ್ಶಿಸಿದರು. ಕ್ರಮೇಣ ಆ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಆದ ಕಡತಗಳೂ ಅವುಗಳನ್ನು ಕಾಯಲು ತಮ್ಮದೇ ಆದ ಗುಪ್ತಪದ, ಎಂದರೆ ಪಾಸ್‌ವರ್ಡೂ ದೊರೆತವು.

ಅದೇ ದಶಕದ ಮಧ್ಯಭಾಗದಲ್ಲಿ ಅಲ್ಲಿ ಒಂದು ಘಟನೆ ನಡೆಯಿತು. ಯಂತ್ರವನ್ನು ಪ್ರವೇಶಿಸಿದ ಪ್ರತಿಯೊಬ್ಬರ ಮುಂದೆಯೂ ಆ ದಿನದ ಪ್ರಕಟಣೆ ಅಚ್ಚಾಗುವುದು ವಾಡಿಕೆಯಾಗಿತ್ತು. ಒಂದು ದಿನ ಪ್ರಕಟಣೆಗೆ ಬದಲಾಗಿ ಎಲ್ಲರ ಪಾಸ್‌ವರ್ಡುಗಳ ಪಟ್ಟಿಯೇ ಅಚ್ಚಾಗಿ ಹೊರಬಂದಿತು! ಕಳ್ಳರಾರೂ ಬಂದಿರಲಿಲ್ಲ, ಯಂತ್ರವೂ ಕೆಟ್ಟಿರಲಿಲ್ಲ. ಕಾರಣ ಬೇರೆಯೇ ಇದ್ದಿತು. ಬರಹವನ್ನು ತಿದ್ದುವ ಕಾರ್ಯಕ್ರಮವು ತನ್ನ ಕೆಲಸಕ್ಕಾಗಿ ಒಂದು ತಾತ್ಕಾಲಿಕ ಕಡತವನ್ನು ಸೃಷ್ಟಿಸಿಕೊಳ್ಳುತ್ತಿತ್ತು. ಆ ಕಡತದ ಹೆಸರು ಯಾವಾಗಲೂ ಒಂದೇ. ಒಂದು ಕಡತಕೋಶದಲ್ಲಿ ಒಂದು ಸಲಕ್ಕೆ ಒಬ್ಬರೇ ಕೆಲಸ ಮಾಡುವರೆಂಬ ಊಹೆಯ ಮೇಲೆ ಹಾಗೆ ಏರ್ಪಡಿಸಲಾಗಿತ್ತು. ಆದರೆ ವ್ಯವಸ್ಥೆಯನ್ನು ನಡೆಸುವವರು ಹಲವರಿದ್ದುದರಿಂದ, ಅವರ ಅನುಕೂಲಕ್ಕಾಗಿ, ಅವರ ಸಾಮಾನ್ಯ ಕೋಶಕ್ಕೆ ಮಾತ್ರ ಈ ನಿಯಮವನ್ನು ಸಡಿಲಿಸಿದ್ದರು. ಒಬ್ಬರು ಪ್ರಕಟಣೆಯನ್ನು ತಿದ್ದುತ್ತಿದ್ದಾಗಲೇ ಇನ್ನೊಬ್ಬರು ಪಾಸ್‌ವರ್ಡುಗಳ ಕಡತವನ್ನು ತಿದ್ದಲು ತೊಡಗಿದರು. ಎರಡು ತಾತ್ಕಾಲಿಕ ಕಡತಗಳು ಅದಲುಬದಲಾದವು. ಕೊರ್ಬಾಟೊ ಅವರು ೧೯೯೦ರ ಟ್ಯೂರಿಂಗ್ ಪ್ರಶಸ್ತಿಯ ಸಂಬಂಧದ ತಮ್ಮ ಉಪನ್ಯಾಸದಲ್ಲಿ ಈ ಘಟನೆಯನ್ನು ತಾವೇ ವಿವರಿಸಿದ್ದಾರೆ.

ಇದರಿಂದ ತಿಳಿದುಬರುವುದೇನು? ಒಬ್ಬರಿಗಾಗಿ ಕಟ್ಟಿದ ಕೋಣೆಯನ್ನು ಹಲವರಿಗೆ ತೆರೆದುಕೊಟ್ಟಾಗ, ಅದನ್ನು ಕಟ್ಟಿದಾಗಿನ ಊಹೆಗಳೆಲ್ಲವನ್ನೂ ಹೊಸದಾಗಿ ಪರೀಕ್ಷಿಸಬೇಕು. ಬಾಗಿಲನ್ನು ತೆರೆಯುವುದು ಒಂದು ಕ್ಷಣದ ಕೆಲಸ. ಅದರ ಪರಿಣಾಮ ಕಾಣಿಸಿಕೊಳ್ಳುವುದು ಮತ್ತೆಂದೋ.

ಒಂಬತ್ತು ದೀಪಗಳು

ಅನುಮತಿಯ ಅತ್ಯಂತ ಸರಳವೂ ಸುಂದರವೂ ಆದ ಮಾದರಿಯನ್ನು ಯುನಿಕ್ಸ್ ವ್ಯವಸ್ಥೆಯಲ್ಲಿ ಕಾಣಬಹುದು. ಇದನ್ನು ೧೯೬೯ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಎಂಬುವರು ಆರಂಭಿಸಿದರು. ೧೯೯೧ರಲ್ಲಿ ಹುಟ್ಟಿದ ಲಿನಕ್ಸ್ ಇದೇ ಮಾದರಿಯನ್ನು ಅನುಸರಿಸುತ್ತದೆ. ನಮ್ಮ ಅನೇಕ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗಳು ಬಳಸುವುದು ಇದನ್ನೇ.

ಇಲ್ಲಿ ಜನರನ್ನು ಮೂರು ವರ್ಗಗಳಾಗಿ ವಿಂಗಡಿಸಲಾಗಿದೆ: ಕಡತದ ಒಡೆಯ, ಅದರ ಗುಂಪು, ಉಳಿದ ಇತರರು. ಮಾಡಬಹುದಾದ ಕೆಲಸಗಳೂ ಮೂರು: ಓದುವುದು, ಬರೆಯುವುದು, ಕಾರ್ಯಕ್ರಮವಾಗಿದ್ದರೆ ಅದನ್ನು ನಡೆಸುವುದು. ಮೂರು ಮೂರಲಿ ಒಂಬತ್ತು. ಪ್ರತಿಯೊಂದು ಕಡತದ ಮೇಲೆಯೂ ಒಂಬತ್ತು ಪುಟ್ಟ ದೀಪಗಳಿವೆಯೆಂದು ಭಾವಿಸಿಕೊಳ್ಳೋಣ. ದೀಪ ಹೊತ್ತಿದ್ದರೆ ಅನುಮತಿಯುಂಟು, ಆರಿದ್ದರೆ ಇಲ್ಲ. ಹೀಗೆ ೨ರ ಒಂಬತ್ತನೆಯ ಘಾತ, ಎಂದರೆ ೫೧೨ ಬೇರೆ ಬೇರೆ ಸ್ಥಿತಿಗಳು ಸಾಧ್ಯವಾಗುವುವು.

ಇವುಗಳನ್ನು ಸಂಕ್ಷೇಪವಾಗಿ ಸೂಚಿಸಲು ಓದುವುದಕ್ಕೆ ೪, ಬರೆಯುವುದಕ್ಕೆ ೨, ನಡೆಸುವುದಕ್ಕೆ ೧ ಎಂಬ ಬೆಲೆಗಳನ್ನು ಕೊಟ್ಟು ಪ್ರತಿಯೊಂದು ವರ್ಗಕ್ಕೂ ಕೂಡಿಸುತ್ತಾರೆ. ಉದಾಹರಣೆಗೆ ಒಂದು ಕಡತದ ಅನುಮತಿ ೬೪೦ ಎಂದಿದ್ದರೆ, ಒಡೆಯನಿಗೆ ೪ ಮತ್ತು ೨, ಎಂದರೆ ಓದಲೂ ಬರೆಯಲೂ ಅನುಮತಿಯುಂಟು. ಗುಂಪಿಗೆ ೪, ಎಂದರೆ ಓದಲು ಮಾತ್ರ. ಇತರರಿಗೆ ಏನೂ ಇಲ್ಲ.

ಇಲ್ಲಿ ಎರಡು ಸೂಕ್ಷ್ಮಗಳನ್ನು ಗಮನಿಸಬೇಕು. ಮೊದಲನೆಯದು, ಹೊಸ ಕಡತದ ಹುಟ್ಟು. ಕಡತವನ್ನು ಸೃಷ್ಟಿಸುವ ಕಾರ್ಯಕ್ರಮವು ಸಾಮಾನ್ಯವಾಗಿ ೬೬೬ ಎಂಬ ಉದಾರವಾದ ಅನುಮತಿಯನ್ನೇ ಕೇಳುತ್ತದೆ. ಆದರೆ ‘ಯುಮಾಸ್ಕ್’ ಎಂಬ ಒಂದು ಮುಸುಕು ಅದರಲ್ಲಿ ಕೆಲವು ದೀಪಗಳನ್ನು ಹುಟ್ಟುವಾಗಲೇ ಆರಿಸಿಬಿಡುತ್ತದೆ. ಮುಸುಕು ೦೨೨ ಆಗಿದ್ದರೆ ಗುಂಪಿನ ಮತ್ತು ಇತರರ ಬರೆಯುವ ದೀಪಗಳು ಆರಿ ೬೪೪ ಉಳಿಯುವುದು. ಜೊತೆಯವರು ಕಡತವನ್ನು ತೆರೆದು ಓದುವರು, ಆದರೆ ತಿದ್ದಿ ಉಳಿಸಲಾರರು. ಮುಸುಕು ೦೦೨ ಆಗಿದ್ದರೆ ೬೬೪ ದೊರೆಯುವುದು. ಗುಂಪಿನವರೆಲ್ಲರೂ ತಿದ್ದಬಲ್ಲರು, ಆದರೆ ಊರಿನವರೆಲ್ಲರೂ ಓದಬಲ್ಲರು. ೦೦೭ ಆಗಿದ್ದರೆ ೬೬೦. ಗುಂಪಿನೊಳಗೆ ಪೂರ್ಣ ಸಲಿಗೆ, ಹೊರಗಿನವರಿಗೆ ಪೂರ್ಣ ತಡೆ. ಮುಖ್ಯವಾದ ಮಾತೆಂದರೆ, ಮುಸುಕನ್ನು ಇಂದು ಬದಲಾಯಿಸಿದರೆ ಅದರ ಪ್ರಭಾವ ಇನ್ನು ಮುಂದೆ ಹುಟ್ಟುವ ಕಡತಗಳ ಮೇಲೆ ಮಾತ್ರ. ನಿನ್ನೆ ಹುಟ್ಟಿದವು ನಿನ್ನೆಯ ತಪ್ಪನ್ನೇ ಹೊತ್ತುಕೊಂಡಿರುವುವು.

ಎರಡನೆಯದು, ಕಡತವನ್ನು ಅಳಿಸುವ ಅಧಿಕಾರ. ಕಡತಕ್ಕೆ ಬರೆಯುವ ಅನುಮತಿಯಿಲ್ಲದವರು ಅದನ್ನು ಅಳಿಸಲೂ ಆರರೆಂದು ನಾವು ಸಹಜವಾಗಿ ಊಹಿಸುತ್ತೇವೆ. ಯುನಿಕ್ಸಿನಲ್ಲಿ ಇದು ತಪ್ಪು. ಕಡತಕೋಶವೆಂಬುದು ಗ್ರಂಥಾಲಯದ ಸೂಚಿಪತ್ರವಿದ್ದಂತೆ. ಸೂಚಿಪತ್ರದಿಂದ ಒಂದು ಹೆಸರನ್ನು ಹೊಡೆದುಹಾಕಲು ಸೂಚಿಪತ್ರದ ಮೇಲೆ ಬರೆಯುವ ಹಕ್ಕು ಸಾಕು. ಆ ಪುಸ್ತಕದಲ್ಲಿ ಬರೆಯುವ ಹಕ್ಕು ಬೇಕಾಗಿಲ್ಲ. ಆದುದರಿಂದ ಕೋಶದ ಮೇಲೆ ಬರೆಯುವ ಮತ್ತು ಅದನ್ನು ಪ್ರವೇಶಿಸುವ ಅನುಮತಿಯಿರುವವರು, ವಿಶೇಷವಾದ ತಡೆಯನ್ನು ಇಡದಿದ್ದರೆ, ತಾವು ಓದಲೂ ಆಗದ ಕಡತವನ್ನು ಅಳಿಸಬಲ್ಲರು. ಕಡತವನ್ನಷ್ಟೇ ನೋಡಿ ಕೋಶವನ್ನು ನೋಡದಿದ್ದರೆ ಪರೀಕ್ಷೆ ಅರ್ಧವೇ ಆದಂತಾಯಿತು.

ಕೂಗುವ ತಪ್ಪು, ಮೌನವಾದ ತಪ್ಪು

ಅನುಮತಿಯ ತಪ್ಪುಗಳು ಎರಡು ಬಗೆ. ಕೊಡಬೇಕಾದುದಕ್ಕಿಂತ ಕಡಮೆ ಕೊಡುವುದು ಒಂದು. ಹೆಚ್ಚು ಕೊಡುವುದು ಇನ್ನೊಂದು. ಇವೆರಡೂ ಒಂದೇ ರೀತಿ ವರ್ತಿಸುವುದಿಲ್ಲ. ಅನುಮತಿ ಕಡಮೆಯಾದರೆ ಬಳಸಲು ಹೊರಟವರು ಕೂಡಲೇ ಕೂಗುತ್ತಾರೆ: “ಕಡತ ತೆರೆಯುತ್ತಿಲ್ಲವಲ್ಲ!” ಅನುಮತಿ ಹೆಚ್ಚಾದರೆ ಯಾರೂ ಕೂಗುವುದಿಲ್ಲ. ಎಲ್ಲರ ಕೆಲಸವೂ ಸುಗಮವಾಗಿ ಸಾಗುತ್ತದೆ. ನೋಡಬಾರದವರೂ ನೋಡುತ್ತಿರಬಹುದು ಎಂಬುದನ್ನು ತಿಳಿಸಲು ಯಾವ ಗಂಟೆಯೂ ಬಾರಿಸುವುದಿಲ್ಲ.

೧೯೭೫ರಲ್ಲಿ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಒಂದು ಪ್ರಸಿದ್ಧ ಪ್ರಬಂಧದಲ್ಲಿ ಈ ಭೇದವನ್ನು ಸ್ಪಷ್ಟವಾಗಿ ಗುರುತಿಸಿದ್ದಾರೆ. ಅವರು ಹೇಳಿದ ಸೂತ್ರಗಳಲ್ಲಿ ಎರಡು ನಮಗೆ ಇಲ್ಲಿ ಮುಖ್ಯವಾದವು. ಯಾರಿಗೂ ಅವರ ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಅಧಿಕಾರವನ್ನು ಕೊಡಬಾರದು ಎಂಬುದು ಒಂದು. ಮೊದಲು ಎಲ್ಲವನ್ನೂ ಮುಚ್ಚಿಟ್ಟು, ಅನಂತರ ಬೇಕಾದುದನ್ನು ಮಾತ್ರ ತೆರೆಯಬೇಕೇ ಹೊರತು, ಎಲ್ಲವನ್ನೂ ತೆರೆದಿಟ್ಟು ಬೇಡವಾದುದನ್ನು ಮುಚ್ಚುತ್ತ ಹೋಗಬಾರದು ಎಂಬುದು ಇನ್ನೊಂದು. ಮುಚ್ಚಿಟ್ಟು ತೆರೆಯುವ ಕ್ರಮದಲ್ಲಿ ತಪ್ಪಾದರೆ ಅದು ನಿರಾಕರಣೆಯ ರೂಪದಲ್ಲಿ ಬೇಗನೆ ಬೆಳಕಿಗೆ ಬರುವುದು. ತೆರೆದಿಟ್ಟು ಮುಚ್ಚುವ ಕ್ರಮದಲ್ಲಿ ತಪ್ಪಾದರೆ ದಿನನಿತ್ಯದ ಬಳಕೆಯಲ್ಲಿ ಅದು ಗೋಚರಿಸದೆಯೇ ಇರಬಹುದು.

ಇದರಿಂದ ಇನ್ನೊಂದು ಮಾತೂ ಸಿದ್ಧವಾಗುತ್ತದೆ. ಒಡೆಯನು ತನ್ನ ಸ್ಥಾನದಲ್ಲಿಯೇ ಕುಳಿತು ಅನುಮತಿಯನ್ನು ಪರೀಕ್ಷಿಸಲಾರನು. ಅವನಿಗೆ ಎಲ್ಲ ಬಾಗಿಲುಗಳೂ ತೆರೆದೇ ಇರುವುವು. ಯುನಿಕ್ಸಿನ ಮೇಲ್ವಿಚಾರಕನಿಗಂತೂ ಓದುವ ಬರೆಯುವ ತಡೆಗಳು ಅನ್ವಯಿಸುವುದೇ ಇಲ್ಲ. ಆದುದರಿಂದ “ನನಗೆ ತೆರೆಯುತ್ತಿದೆ” ಎಂಬ ಮಾತು ಇಲ್ಲಿ ಯಾವ ಪ್ರಮಾಣವೂ ಅಲ್ಲ. ಅತಿ ಕಡಮೆ ಅಧಿಕಾರವುಳ್ಳವರ ಸ್ಥಾನದಿಂದ ನೋಡಿದಾಗಲೇ ನಿಜಸ್ಥಿತಿ ತಿಳಿಯುವುದು.

ಒಂದು ಉದಾಹರಣೆ

ಕ, ಖ, ಗ, ಘ ಎಂಬ ನಾಲ್ವರು ವಿದ್ಯಾರ್ಥಿಗಳು ತಮ್ಮ ಊರಿನ ೫೦ ಮನೆಗಳ ವಿದ್ಯುತ್ ಬಳಕೆಯನ್ನು ಕುರಿತು ಮೂರು ತಿಂಗಳ ಅಧ್ಯಯನವೊಂದನ್ನು ಕೈಗೊಂಡಿದ್ದಾರೆಂದು ಭಾವಿಸೋಣ. ಕ ಮತ್ತು ಖ ಪ್ರತಿದಿನವೂ ಮನೆಮನೆಗೆ ಹೋಗಿ ಮೀಟರಿನ ವಾಚನಗಳನ್ನು ಬರೆದುಕೊಳ್ಳುವರು. ಗ ಲೆಕ್ಕ ಮಾಡಿ ರೇಖಾಚಿತ್ರ ತೆಗೆಯುವವರು. ಘ ವರದಿ ಬರೆಯುವವರು. ಇವರಲ್ಲದೆ ಮಾರ್ಗದರ್ಶಕರಾದ ಅಧ್ಯಾಪಕರೊಬ್ಬರು. ಕಡತಗಳು ಐದು: ಮನೆಯವರ ಹೆಸರು, ವಿಳಾಸ ಮತ್ತು ದೂರವಾಣಿ ಸಂಖ್ಯೆಗಳಿರುವ ಯಾದಿ, ಮನೆಯ ಕ್ರಮಸಂಖ್ಯೆ ಮಾತ್ರವಿರುವ ವಾಚನಗಳ ಹಾಳೆ, ಲೆಕ್ಕದ ಹಾಳೆ, ರೇಖಾಚಿತ್ರಗಳು, ವರದಿ.

ಮನೆಗಳ ಯಾದಿಯೂ ವಾಚನಗಳ ಹಾಳೆಯೂ ಒಟ್ಟಿಗೆ ಅಪರಿಚಿತರ ಕೈಗೆ ಸಿಕ್ಕಿದರೆ ಏನಾಗುವುದೆಂಬುದನ್ನು ಯೋಚಿಸಿರಿ. ಒಂದು ಮನೆಯ ವಿದ್ಯುತ್ ಬಳಕೆ ನಾಲ್ಕು ದಿನಗಳಿಂದ ಹೆಚ್ಚುಕಡಮೆ ನಿಂತೇಹೋಗಿದೆಯೆಂದರೆ ಆ ಮನೆಯವರು ಊರಿನಲ್ಲಿಲ್ಲವೆಂದು ಊಹಿಸಬಹುದಲ್ಲವೆ? ವಿಳಾಸವಂತೂ ಯಾದಿಯಲ್ಲಿಯೇ ಇದೆ. ನಂಬಿ ಬಾಗಿಲು ತೆರೆದ ೫೦ ಸಂಸಾರಗಳಿಗೆ ವಿದ್ಯಾರ್ಥಿಗಳು ಋಣಿಗಳು. ಆ ನಂಬಿಕೆಯನ್ನು ಕಾಯುವುದು ಒಂಬತ್ತು ಪುಟ್ಟ ದೀಪಗಳು, ಅಥವಾ ಪರದೆಯ ಮೇಲಿನ ಒಂದು ಪುಟ್ಟ ಗುರುತು.

ಬಟ್ಲರ್ ಲ್ಯಾಂಪ್ಸನ್ ಎಂಬ ವಿಜ್ಞಾನಿ ೧೯೭೧ರಲ್ಲಿ ಇಂಥ ಸಂಬಂಧಗಳನ್ನು ಒಂದು ಕೋಷ್ಟಕದ ರೂಪದಲ್ಲಿ ಕಾಣಬಹುದೆಂದು ತೋರಿಸಿದರು. ಅಡ್ಡಸಾಲುಗಳಲ್ಲಿ ಜನ, ಕಂಬಸಾಲುಗಳಲ್ಲಿ ಕಡತಗಳು, ಪ್ರತಿಯೊಂದು ಮನೆಯಲ್ಲಿಯೂ ಅವರಿಗುಳ್ಳ ಅಧಿಕಾರ. ನಮ್ಮ ಉದಾಹರಣೆಯಲ್ಲಿ ಐವರು ಜನ, ಐದು ಕಡತಗಳು. ಒಟ್ಟು ೨೫ ಮನೆಗಳು. ಯಾದಿಯನ್ನು ಕ ಮತ್ತು ಖ ಮಾತ್ರ ನೋಡಬೇಕು. ಉಳಿದವರಿಗೆ ಅದರ ಅಗತ್ಯವಿಲ್ಲ. ವಾಚನಗಳನ್ನು ಕ, ಖ ಬರೆಯಬೇಕು; ಗ ಓದಿದರೆ ಸಾಕು. ಲೆಕ್ಕದ ಹಾಳೆ ಗ ಅವರದು, ಘ ಓದಬೇಕು. ವರದಿಯನ್ನು ಘ ಬರೆಯುವರು; ಅಧ್ಯಾಪಕರು ಟಿಪ್ಪಣಿ ಸೇರಿಸುವರು. ಹೀಗೆ ಎಲ್ಲ ಮನೆಗಳನ್ನೂ ತುಂಬಲು ಕಾಲು ಗಂಟೆಯೂ ಬೇಡ. ಕಾಗದದ ಮೇಲೆ ಈ ಕೋಷ್ಟಕವಿಲ್ಲದಿದ್ದರೆ ಅನುಮತಿಯು ಸರಿಯೋ ತಪ್ಪೋ ಎಂದು ಹೇಳಲು ನಮಗೆ ಅಳತೆಗೋಲೇ ಇಲ್ಲವಾಗುವುದು.

ಗೂಗಲ್ ಡ್ರೈವ್ ಮುಂತಾದ ಸೌಕರ್ಯಗಳಲ್ಲಿ ಒಂಬತ್ತು ದೀಪಗಳ ಬದಲಿಗೆ ನೋಡುವವರು, ಟಿಪ್ಪಣಿ ಬರೆಯುವವರು, ತಿದ್ದುವವರು ಎಂಬ ಪಾತ್ರಗಳಿವೆ. ಫೋಲ್ಡರಿಗೆ ಕೊಟ್ಟ ಅನುಮತಿ ಒಳಗಿನ ಕಡತಗಳಿಗೂ ಹರಿಯುತ್ತದೆ. ಆದುದರಿಂದ ಯಾದಿಯನ್ನು ಐವರಿಗೂ ತೆರೆದ ಫೋಲ್ಡರಿನಲ್ಲಿಡದೆ ಬೇರೆಯದೊಂದರಲ್ಲಿ ಇಡುವುದು ಲೇಸು. ‘ಕೊಂಡಿಯಿರುವ ಎಲ್ಲರೂ ನೋಡಬಹುದು’ ಎಂಬ ಏರ್ಪಾಡನ್ನು ವಿಶೇಷವಾಗಿ ಗಮನಿಸಬೇಕು. ಅದು ಹೆಸರಿಲ್ಲದ ಬೀಗದ ಕೈಯಿದ್ದಂತೆ. ಒಬ್ಬರಿಂದ ಒಬ್ಬರಿಗೆ ಸಂದೇಶದಲ್ಲಿ ದಾಟುತ್ತ ಎಲ್ಲಿಗೆ ಹೋಗಿ ಸೇರಿತೆಂದು ಹೇಳುವಂತಿಲ್ಲ.

ಮೊದಲೇ ಏಕೆ?

ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದನ್ನು ಆಗಲೇ ಕಂಡೆವು: ಅನುಮತಿಯು ಕಡತದ ಹುಟ್ಟಿನೊಡನೆಯೇ ಬರುವುದು. ಮೊದಲ ದಿನ ಒಂದು ಪರೀಕ್ಷಾ ಕಡತವನ್ನು ಐವರೂ ತೆರೆದು ನೋಡಿದರೆ ಐದು ಪರೀಕ್ಷೆಗಳು. ಮೂರು ತಿಂಗಳ ಮೇಲೆ ೪೦ ಕಡತಗಳು ಸೇರಿದ್ದರೆ ಅದೇ ಕೆಲಸಕ್ಕೆ ೨೦೦ ಪರೀಕ್ಷೆಗಳು.

ಎರಡನೆಯದು, ಪ್ರತಿಗಳ ಹಾವಳಿ. ವಾಚನಗಳ ಹಾಳೆ ಖ ಅವರಿಗೆ ತೆರೆದರೂ ತಿದ್ದಲಾಗುತ್ತಿಲ್ಲವೆಂದು ಇಟ್ಟುಕೊಳ್ಳಿ. ಕ ಅವರಿಗೆ ಹೇಳಿ ಸರಿಪಡಿಸಿಕೊಳ್ಳುವಷ್ಟು ತಾಳ್ಮೆಯಿಲ್ಲದೆ ಖ ಅದರ ಒಂದು ಪ್ರತಿಯನ್ನು ಮಾಡಿಕೊಂಡು ತಮ್ಮ ವಾಚನಗಳನ್ನು ಅದರಲ್ಲಿ ಬರೆಯತೊಡಗುವರು. ಅಂದಿನಿಂದ ಒಂದೇ ಅಧ್ಯಯನಕ್ಕೆ ಎರಡು ಸತ್ಯಗಳು! ಗ ಯಾವುದನ್ನು ನಂಬಿ ಲೆಕ್ಕ ಮಾಡಬೇಕು? ಇದಲ್ಲದೆ, ಪ್ರತಿಗೆ ಮೂಲದ ಕಟ್ಟಳೆ ಅಂಟಿಕೊಂಡಿರುವುದೆಂಬ ಭರವಸೆಯೂ ಇಲ್ಲ. ಸಾಮಾನ್ಯವಾದ ಪೆನ್‌ಡ್ರೈವುಗಳಲ್ಲಿ ಬಳಸುವ ‘ಫ್ಯಾಟ್’ ಎಂಬ ಕಡತವ್ಯವಸ್ಥೆಯಲ್ಲಿ ಒಡೆಯ, ಗುಂಪು ಎಂಬ ಭೇದಗಳನ್ನು ಬರೆದಿಡಲು ಸ್ಥಳವೇ ಇಲ್ಲ. ಅದಕ್ಕೆ ನಕಲಾದ ಯಾದಿಯ ಮೇಲೆ ಯಾವ ದೀಪವೂ ಉಳಿಯುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು. ನೀರಿಗೆ ಬಿದ್ದ ಮಸಿಯ ಹನಿ ತಾನಾಗಿ ಮತ್ತೆ ಹನಿಯಾಗಿ ಕೂಡಿಕೊಳ್ಳುವುದನ್ನು ಯಾರೂ ಕಂಡಿಲ್ಲ. ಹೊರಬಿದ್ದ ಮಾಹಿತಿಯೂ ಹಾಗೆಯೇ. ಅನುಮತಿಯನ್ನು ಹಿಂತೆಗೆದುಕೊಳ್ಳಬಹುದು, ಓದಿದವರ ನೆನಪನ್ನು, ಮಾಡಿಕೊಂಡ ಪ್ರತಿಯನ್ನು ಹಿಂತೆಗೆದುಕೊಳ್ಳಲಾಗದು. ಯುನಿಕ್ಸಿನಲ್ಲಿಯಂತೂ ಪರಿಶೀಲನೆ ನಡೆಯುವುದು ಕಡತವನ್ನು ತೆರೆಯುವಾಗ. ತೆರೆದಾದ ಮೇಲೆ ದೀಪವನ್ನು ಆರಿಸಿದರೂ, ಆಗಲೇ ತೆರೆದುಕೊಂಡಿರುವ ಕಾರ್ಯಕ್ರಮವು ಓದುವುದನ್ನು ಮುಂದುವರಿಸಬಲ್ಲುದು. ತಿದ್ದಬಹುದಾದ ತಪ್ಪನ್ನು ಯಾವಾಗಲಾದರೂ ಹುಡುಕಬಹುದು. ತಿದ್ದಲಾಗದ ತಪ್ಪನ್ನಾದರೋ ಅದು ಸಂಭವಿಸುವ ಮೊದಲೇ ಹುಡುಕಬೇಕು.

ಪರೀಕ್ಷೆಯ ಕ್ರಮ

ಕೂಡುಕೆಲಸವನ್ನು ಆರಂಭಿಸುವ ವಿದ್ಯಾರ್ಥಿಗಳು ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು.

೧. ಯಾರಿಗೆ ಯಾವ ಕಡತ, ಎಷ್ಟು ಅಧಿಕಾರ ಎಂಬ ಕೋಷ್ಟಕವನ್ನು ಕಾಗದದ ಮೇಲೆ ಬರೆಯಿರಿ. ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚಿನದನ್ನು ಯಾವ ಮನೆಯಲ್ಲಿಯೂ ತುಂಬಬೇಡಿ.

೨. ನಿಜವಾದ ಮಾಹಿತಿಯನ್ನು ಹಾಕುವುದಕ್ಕೆ ಮೊದಲು ಫೋಲ್ಡರುಗಳನ್ನು ಸೃಷ್ಟಿಸಿ ಅವುಗಳಿಗೆ ಅನುಮತಿ ಕೊಡಿರಿ. ಎಲ್ಲವೂ ಮುಚ್ಚಿರಲಿ, ಕೋಷ್ಟಕದಂತೆ ಒಂದೊಂದನ್ನೇ ತೆರೆಯಿರಿ.

೩. ಪ್ರತಿಯೊಂದು ಫೋಲ್ಡರಿನಲ್ಲಿಯೂ ಒಂದು ಪರೀಕ್ಷಾ ಕಡತವನ್ನಿಟ್ಟು, ಪ್ರತಿಯೊಬ್ಬ ಸದಸ್ಯರೂ ತಮ್ಮ ಸ್ವಂತ ಖಾತೆಯಿಂದ ಅದನ್ನು ತೆರೆಯಲಿ. ತಿದ್ದಬೇಕಾದವರು ಒಂದು ಸಾಲನ್ನು ಬರೆದು ಉಳಿಸಲಿ. ಅವರು ಹೊಸದೊಂದು ಕಡತವನ್ನೂ ಸೃಷ್ಟಿಸಲಿ. ಅದು ಉಳಿದವರಿಗೆ ಹೇಗೆ ಕಾಣುವುದೆಂಬುದು ಬೇರೆಯೇ ಪ್ರಶ್ನೆ.

೪. ಆಗಬೇಕಾದುದು ಆಗುವುದೆ ಎಂದಷ್ಟೇ ನೋಡಿದರೆ ಸಾಲದು. ಆಗಬಾರದುದು ಆಗದಿರುವುದೆ ಎಂದೂ ನೋಡಬೇಕು. ಘ ಯಾದಿಯನ್ನು ತೆರೆಯಲು ಪ್ರಯತ್ನಿಸಲಿ. ಓದಲು ಮಾತ್ರ ಅನುಮತಿಯುಳ್ಳವರು ಅಳಿಸಲು ಪ್ರಯತ್ನಿಸಲಿ. ಯಾವ ಖಾತೆಗೂ ಪ್ರವೇಶಿಸದ ಬ್ರೌಸರಿನ ಖಾಸಗಿ ಕಿಟಕಿಯಿಂದ ಕೊಂಡಿಯನ್ನು ತೆರೆದು ನೋಡಿರಿ. ಮೌನವಾದ ತಪ್ಪನ್ನು ಕೂಗಿಸುವ ಉಪಾಯ ಇದೊಂದೇ.

೫. ಪ್ರತಿಯೊಂದು ಕಡತದ ಒಡೆಯರು ಯಾರೆಂಬುದನ್ನು ಗುರುತಿಸಿರಿ. ಗೂಗಲ್ ಡ್ರೈವಿನ ಸ್ವಂತ ಖಾತೆಗಳಲ್ಲಿ, ಕಡತವು ಪರರ ಫೋಲ್ಡರಿನಲ್ಲಿದ್ದರೂ ಅದನ್ನು ಸೃಷ್ಟಿಸಿದವರೇ ಅದರ ಒಡೆಯರು. ಅವರು ಕಾಲೇಜನ್ನು ಬಿಟ್ಟು ಖಾತೆ ಮುಚ್ಚಿಹೋದರೆ ಕಡತವೂ ಹೋಗಬಹುದು.

೬. ಹೊಸಬರು ಸೇರಿದಾಗ, ಒಬ್ಬರು ಬಿಟ್ಟುಹೋದಾಗ, ಕಡತಗಳನ್ನು ಬೇರೆಡೆಗೆ ಸಾಗಿಸಿದಾಗ ಮತ್ತೆ ಪರೀಕ್ಷಿಸಿರಿ. ಕೆಲಸ ಮುಗಿದ ದಿನ ಬಾಗಿಲುಗಳನ್ನು ಮುಚ್ಚಿರಿ.

ಇಷ್ಟಕ್ಕೆಲ್ಲ ಒಂದು ಗಂಟೆಯ ಕಾಲ ಸಾಕು. ಜೊತೆಯವರನ್ನು ಅನುಮಾನಿಸುವುದಕ್ಕಾಗಿ ಈ ಪರೀಕ್ಷೆಯೆಂದು ಯಾರೂ ತಪ್ಪು ತಿಳಿಯಬಾರದು. ಯಾರ ಮಾಹಿತಿಯನ್ನು ನಾವು ಕೈಯಲ್ಲಿ ಹಿಡಿದಿದ್ದೇವೆಯೋ ಅವರು ಈ ಕೊಠಡಿಯಲ್ಲಿ ಇರುವುದಿಲ್ಲ. ತಮ್ಮ ಪರವಾಗಿ ಕೂಗಿಕೊಳ್ಳಲಾರರು. ಅವರ ಪರವಾಗಿ ಮೊದಲ ದಿನವೇ ಒಂದು ಸಲ ಬಾಗಿಲನ್ನು ತಳ್ಳಿ ನೋಡುವುದು ನಮ್ಮ ಕರ್ತವ್ಯ.

ಅಭ್ಯಾಸಕ್ಕೆ

(ಅ) ೭೫೦ ಎಂಬ ಅನುಮತಿಯ ಅರ್ಥವೇನು? (ಆ) ಮುಸುಕು ೦೨೭ ಆಗಿದ್ದರೆ, ೬೬೬ನ್ನು ಕೇಳಿ ಹುಟ್ಟುವ ಕಡತಕ್ಕೆ ಯಾವ ಅನುಮತಿ ದೊರೆಯುವುದು? (ಇ) ಒಂದು ಕಡತದ ಅನುಮತಿ ೦೬೬ ಆಗಿದೆ. ಅದರ ಒಡೆಯನು ಅದನ್ನು ಓದಬಲ್ಲನೆ?

ಉತ್ತರಗಳು: (ಅ) ಒಡೆಯನಿಗೆ ಮೂರು ಅಧಿಕಾರಗಳೂ, ಗುಂಪಿಗೆ ಓದುವ ಮತ್ತು ನಡೆಸುವ ಅಧಿಕಾರಗಳು, ಇತರರಿಗೆ ಏನೂ ಇಲ್ಲ. (ಆ) ೬೪೦. ೬೬೬ರಿಂದ ೦೨೭ನ್ನು ಕಳೆದರೆ ಈ ಉತ್ತರ ಬಾರದು. ಮುಸುಕು ಕಳೆಯುವುದಿಲ್ಲ, ಹೊತ್ತಿರುವ ದೀಪಗಳನ್ನು ಆರಿಸುತ್ತದೆ. (ಇ) ಓದಲಾರನು. ಬಂದವರು ಒಡೆಯರಾಗಿದ್ದರೆ ಒಡೆಯನ ದೀಪಗಳನ್ನು ಮಾತ್ರ ನೋಡಲಾಗುವುದು. ಬೇರೆ ವರ್ಗಗಳ ದೀಪಗಳು ಅವರ ನೆರವಿಗೆ ಬಾರವು. ಆದರೆ ಒಡೆಯನಾದುದರಿಂದ ಅವನು ಅನುಮತಿಯನ್ನೇ ಬದಲಾಯಿಸಿ ಅನಂತರ ಓದಬಹುದು.